ಶಂಕೆಯ ನೀತಿ ಮತ್ತು ಯೋಬನ ಗೆಳೆಯರು

ಧನಿಕ ಕುಟುಂಬವೊಂದರಲ್ಲಿ ಕೊಲೆ ನಡೆದು, ಕೊಂದವರು ಆ ಮನೆಯವರಲ್ಲೇ ಒಬ್ಬರೆಂಬುದು ಖಚಿತವಾಗಿ, ಆದರೆ ಆ ಒಬ್ಬರು ಯಾರೆಂಬುದು ಮಾತ್ರ ತಿಳಿಯದೆ ಉಳಿದಾಗ, ತಪ್ಪು ಮಾಡದ ಉಳಿದವರ ಪಾಡೇನು ಎಂಬುದು ಅಗಾಥಾ ಕ್ರಿಸ್ಟಿಯವರು 1958ರಲ್ಲಿ ಪ್ರಕಟಿಸಿದ ‘ಆರ್ಡೀಲ್ ಬೈ ಇನ್ನೊಸೆನ್ಸ್’ ಕಾದಂಬರಿಯ ಮೂಲ ಪ್ರಶ್ನೆ. ಬಿಬಿಸಿ ಇದನ್ನು 2018ರ ಏಪ್ರಿಲ್‌ನಲ್ಲಿ ಮೂರು ಕಂತುಗಳ ಧಾರಾವಾಹಿಯಾಗಿ ಪ್ರಸಾರ ಮಾಡಿತು; ಚಿತ್ರಕಥೆ ಬರೆದ ಸಾರಾ ಫೆಲ್ಪ್ಸ್ ಅವರು ಕೊಲೆಗಾರರನ್ನೇ ಬದಲಿಸಿದ್ದರಿಂದ ಪ್ರೇಕ್ಷಕರ ಅಭಿಪ್ರಾಯ ಎರಡಾಗಿ ಒಡೆಯಿತು. ಮೂಲಕ್ಕೆ ದ್ರೋಹವಾಯಿತೆಂದು ಒಂದು ಪಕ್ಷ ನೊಂದುಕೊಂಡರೆ, ಕಥೆಗೆ ಹೊಸ ಜೀವ ಬಂತೆಂದು ಇನ್ನೊಂದು ಪಕ್ಷ ಮೆಚ್ಚಿಕೊಂಡಿತು. ಈ ವಾದವನ್ನು ರೂಪಾಂತರದ ಸ್ವಾತಂತ್ರ್ಯದ ಪ್ರಶ್ನೆಯೆಂದು, ಅಂದರೆ ಒಂದು ಕೃತಿಯನ್ನು ಬೇರೊಂದು ಮಾಧ್ಯಮಕ್ಕೆ ತರುವವರಿಗೆ ಎಷ್ಟು ಸಲಿಗೆ ಇರಬೇಕೆಂಬ ಪ್ರಶ್ನೆಯೆಂದು ತಿಳಿಯುವುದು ವಾಡಿಕೆ. ಅದರ ತಳದಲ್ಲಿ ಧರ್ಮಗ್ರಂಥಗಳೂ ದರ್ಶನಗಳೂ ಬಹುಕಾಲದಿಂದ ಎದುರಿಸುತ್ತ ಬಂದ ಮತ್ತೊಂದು ಪ್ರಶ್ನೆಯಿದೆ: ನೋವಿನಲ್ಲಿರುವವನನ್ನು ಕಂಡಾಗ ಅವನಲ್ಲಿ ತಪ್ಪನ್ನು ಹುಡುಕುವ ಅಧಿಕಾರ ನೋಡುಗನಿಗೆ ಎಲ್ಲಿಂದ ಬಂತು?

ಕಥೆಯ ಚೌಕಟ್ಟು ಸರಳವಾದುದು. ರೇಚಲ್ ಆರ್ಗೈಲ್ ಅಪಾರ ಆಸ್ತಿಯ ಒಡತಿ. ಮಕ್ಕಳಿಲ್ಲದ ಆಕೆ ಐವರನ್ನು ದತ್ತು ತೆಗೆದುಕೊಂಡಿರುತ್ತಾಳೆ. ಗಂಡ ಲಿಯೊ, ಮನೆವಾರ್ತೆ ನೋಡಿಕೊಳ್ಳುವ ಕರ್ಸ್ಟನ್ ಜೊತೆಗಿರುತ್ತಾರೆ. ಆಕೆಯ ಕೊಲೆಯಾದಾಗ, ಮೊದಲಿನಿಂದಲೂ ಮನೆಯ ದುಷ್ಟನೆನಿಸಿಕೊಂಡಿದ್ದ ಸಾಕುಮಗ ಜ್ಯಾಕ್ ಸೆರೆಯಾಗುತ್ತಾನೆ, ಸೆರೆಮನೆಯಲ್ಲೇ ಸಾಯುತ್ತಾನೆ, ಮನೆಯವರ ಬದುಕು ಹೇಗೋ ತಹಬಂದಿಗೆ ಬರುತ್ತದೆ. ಆಮೇಲೆ ಆರ್ಥರ್ ಕ್ಯಾಲ್ಗರಿ ಎಂಬ ವಿಜ್ಞಾನಿ ಬಂದು, ಕೊಲೆಯ ಹೊತ್ತಿಗೆ ಜ್ಯಾಕ್ ತನ್ನ ಕಾರಿನಲ್ಲಿದ್ದನೆಂದು ಹೇಳುತ್ತಾನೆ. ಸತ್ತವನ ಹೆಸರಿಗೆ ಅಂಟಿದ ಕಳಂಕವನ್ನು ತೊಳೆಯುವುದು ಪುಣ್ಯದ ಕೆಲಸವೆಂದು ಯಾರಿಗಾದರೂ ತೋರುವಂಥದ್ದೇ. ಆದರೆ ಜ್ಯಾಕ್ ಅಲ್ಲವಾದರೆ ಉಳಿದವರಲ್ಲೊಬ್ಬರು ಎಂದಾಗುವುದರಿಂದ, ಆ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಆ ಮನೆಯಲ್ಲಿ ತಂದೆ ಮಕ್ಕಳು, ಅಕ್ಕತಂಗಿಯರು, ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡುವ ನೋಟವೇ ಬೇರೆಯಾಗುತ್ತದೆ.

ಕಾದಂಬರಿಯ ಹೆಸರು ಹಳೆಯ ನ್ಯಾಯಪದ್ಧತಿಯೊಂದನ್ನು ನೆನಪಿಗೆ ತರುತ್ತದೆ. ಮನುಷ್ಯರ ಸಾಕ್ಷ್ಯ ದೊರೆಯದಿದ್ದಾಗ ಆರೋಪಿಯನ್ನು ಬೆಂಕಿ, ನೀರು ಮುಂತಾದವುಗಳ ಪರೀಕ್ಷೆಗೆ ಒಡ್ಡಿ, ಅವನು ಪಾರಾದರೆ ದೈವವೇ ಅವನ ಪರವಾಗಿ ನುಡಿಯಿತೆಂದು ಭಾವಿಸುವ ಪದ್ಧತಿ ಯುರೋಪಿನಲ್ಲೂ ಭಾರತದಲ್ಲೂ ಇತ್ತು. ಇದನ್ನು ‘ದಿವ್ಯ’ ಎಂದು ಕರೆಯುವ ಯಾಜ್ಞವಲ್ಕ್ಯ ಸ್ಮೃತಿಯು ಬರಹ, ಅನುಭೋಗ, ಸಾಕ್ಷಿ ಎಂಬ ಪ್ರಮಾಣಗಳು ಇಲ್ಲದಾಗ ಮಾತ್ರ ತಕ್ಕಡಿ, ಬೆಂಕಿ, ನೀರು, ವಿಷ ಹಾಗೂ ದೇವತಾಮೂರ್ತಿಯನ್ನು ತೊಳೆದ ನೀರನ್ನು ಕುಡಿಸುವ ‘ಕೋಶ’ ಎಂಬ ಐದು ದಿವ್ಯಗಳಲ್ಲೊಂದಕ್ಕೆ ಅವಕಾಶ ಕೊಡುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಟೀಕೆ ಇವುಗಳ ವಿಧಿಯನ್ನು ವಿವರವಾಗಿ ಚರ್ಚಿಸುತ್ತದೆ. ಯುರೋಪಿನಲ್ಲಿ 1215ರ ನಾಲ್ಕನೆಯ ಲ್ಯಾಟರನ್ ಧರ್ಮಸಭೆ ಪಾದ್ರಿಗಳು ಇಂಥ ಪರೀಕ್ಷೆಗಳಲ್ಲಿ ಪಾಲ್ಗೊಳ್ಳಕೂಡದೆಂದು ವಿಧಿಸಿದ ಮೇಲೆ ಅವು ಕ್ರಮೇಣ ಬಳಕೆ ತಪ್ಪಿದವು. ದಿವ್ಯವು ಕ್ರೂರವಾದುದು, ಅದರ ತೀರ್ಪನ್ನು ಇಂದು ಯಾರೂ ಒಪ್ಪಲಾರರು. ಆದರೂ ಅದಕ್ಕೊಂದು ಕೊನೆಯಿತ್ತು, ಪಾರಾದವನು ಊರವರ ಕಣ್ಣಿಗೆ ಶುದ್ಧನಾಗುತ್ತಿದ್ದ. ಆರ್ಗೈಲ್ ಮನೆಯವರ ಪರೀಕ್ಷೆಗೆ ಅಂಥ ಕೊನೆ ಕಾಣುವುದಿಲ್ಲ. ತಾನು ಕೊಂದಿಲ್ಲವೆಂಬುದು ಕೊಲ್ಲದ ಪ್ರತಿಯೊಬ್ಬರಿಗೂ ಗೊತ್ತು, ಅದನ್ನು ತೋರಿಸಿಕೊಡುವ ದಾರಿ ಒಬ್ಬರಿಗೂ ಗೊತ್ತಿಲ್ಲ. ಹೀಗೆ ನಿರಪರಾಧಿಯಾಗಿರುವುದೇ ಅವರ ಪಾಲಿಗೆ ಮುಗಿಯದ ದಿವ್ಯವಾಗುತ್ತದೆ.

ಪ್ರೇಕ್ಷಕನಿಗೆ ಈ ಸ್ಥಿತಿ ಸುಖಕೊಡುವಂಥದ್ದು. ಒಂದು ಕಂತು ಮುಗಿದು ಇನ್ನೊಂದು ಬರುವತನಕ ಕೊಲೆಯನ್ನು ಒಮ್ಮೆ ಸಾಕುಮಗಳು ಹೆಸ್ಟರಳ ಮೇಲೆ, ಒಮ್ಮೆ ಸಾಕುಮಗ ಮಿಕಿಯ ಮೇಲೆ, ಒಮ್ಮೆ ಲಿಯೊ ಮದುವೆಯಾಗಲಿರುವ ಗ್ವೆಂಡಾಳ ಮೇಲೆ ಹೊರಿಸಿ ನೋಡುವುದರಲ್ಲೇ ಪತ್ತೇದಾರಿ ಕಥೆಯ ಸ್ವಾರಸ್ಯ ಅಡಗಿದೆ. ಸಂಶಯವೆಂಬುದು ಸ್ವತಃ ದೋಷವೆಂದು ಭಾರತೀಯ ತರ್ಕಪರಂಪರೆ ಎಂದೂ ತಿಳಿದಿಲ್ಲ. ಗೌತಮನ ನ್ಯಾಯಸೂತ್ರವು ಎಣಿಸುವ 16 ಪದಾರ್ಥಗಳಲ್ಲಿ, ಅಂದರೆ ವಿಚಾರಕ್ಕೆ ಬೇಕಾದ ವಿಷಯಗಳಲ್ಲಿ, ಸಂಶಯ ಮೂರನೆಯದು, ನಿರ್ಣಯ ಒಂಬತ್ತನೆಯದು. ಸಂಶಯವಿಲ್ಲದೆ ವಿಚಾರ ಮೊದಲಾಗುವುದೇ ಇಲ್ಲ. ಆದರೆ ನೈಯಾಯಿಕರು ಸಂಶಯಕ್ಕೆ ಕೊಡುವ ಪ್ರಸಿದ್ಧ ಉದಾಹರಣೆಯನ್ನು ಗಮನಿಸಬೇಕು: ಮಬ್ಬು ಬೆಳಕಿನಲ್ಲಿ ದೂರದಲ್ಲಿ ಕಾಣುವ ಆಕಾರ ಮರದ ಮೋಟೋ ಮನುಷ್ಯನೋ ಎಂಬ ಅನಿಶ್ಚಯ. ಮೋಟನ್ನು ಮನುಷ್ಯನೆಂದು ಶಂಕಿಸಿದರೆ ಮೋಟಿಗೆ ಆಗುವ ನಷ್ಟವೇನೂ ಇಲ್ಲ. ಮನುಷ್ಯನನ್ನು ಕೊಲೆಗಾರನೆಂದು ಶಂಕಿಸಿದಾಗ ಹಾಗಲ್ಲ. ನಿರ್ಣಯ ಬರುವ ಮೊದಲೇ, ಶಂಕೆಯ ದೆಸೆಯಿಂದಲೇ, ಅವನ ಬಾಳು ಕೆಡುತ್ತದೆ. ಜ್ಞಾನಕ್ಕೆ ಮೊದಲ ಮೆಟ್ಟಿಲಾಗುವ ಸಂಶಯವು ಮನುಷ್ಯಸಂಬಂಧದೊಳಗೆ ಬಂದಾಗ ಒಂದು ಕ್ರಿಯೆಯೂ ಆಗುತ್ತದೆ, ಪ್ರತಿ ಕ್ರಿಯೆಗೆ ಇರುವ ಹಾಗೆ ಅದಕ್ಕೂ ಹೊಣೆಯಿರುತ್ತದೆ. ಪ್ರೇಕ್ಷಕರ ಶಂಕೆ ಕಲ್ಪಿತ ಪಾತ್ರಗಳನ್ನು ನೋಯಿಸದು, ನಿಜ. ಆದರೂ ಶಂಕಿಸುವುದರಲ್ಲಿ ರುಚಿ ಕಾಣುವ ಅಭ್ಯಾಸ ಪರದೆಯ ಎದುರಿನಿಂದ ಎದ್ದ ಮೇಲೆ ಅಲ್ಲಿಯೇ ಉಳಿಯುವುದೆಂದು ನಂಬುವುದು ಕಷ್ಟ.

ಕ್ರಿಸ್ಟಿಯವರು ಕಾದಂಬರಿಯ ಆರಂಭದಲ್ಲಿ ಹಳೆಯ ಒಡಂಬಡಿಕೆಯ ಯೋಬನ ಗ್ರಂಥದಿಂದ, ತಾನು ನಿರ್ದೋಷಿಯೆಂದು ಹೇಳಿಕೊಂಡರೆ ತನ್ನ ಬಾಯೇ ತನ್ನನ್ನು ಅಪರಾಧಿಯಾಗಿಸುತ್ತದೆಂಬ ಅರ್ಥದ ಮಾತನ್ನು ಆಯ್ದು ಇಟ್ಟಿದ್ದಾರೆ. ಯೋಬನದೂ ಧನಿಕ ಕುಟುಂಬವೇ: 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು. ಅವನ ಭಕ್ತಿ ಈ ಸಂಪತ್ತಿಗೆ ಸಲ್ಲುವ ಬಾಡಿಗೆಯಷ್ಟೇ ಎಂದು ಸೈತಾನನು ದೇವರ ಮುಂದೆ ಶಂಕೆ ಎತ್ತುತ್ತಾನೆ. ಆಸ್ತಿಯುಳ್ಳ ಮನೆಯಲ್ಲಿ ಪ್ರೀತಿಯೂ ಲಾಭದ ಲೆಕ್ಕವೆಂದು ಕಾಣುವ ಪತ್ತೇದಾರಿ ಕಥೆಯ ದೃಷ್ಟಿಗೆ ಇದಕ್ಕಿಂತ ಹಳೆಯ ಮಾದರಿ ಸಿಗುವುದು ವಿರಳ. ಯೋಬನು ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಾಗ ಮೂವರು ಗೆಳೆಯರು ಸಮಾಧಾನ ಹೇಳಲು ಬಂದು, ಏಳು ದಿನ ಮಾತಿಲ್ಲದೆ ಜೊತೆಗಿದ್ದು, ಆಮೇಲೆ ವಾದಕ್ಕೆ ತೊಡಗುತ್ತಾರೆ. ದೇವರು ನ್ಯಾಯವಂತ, ಯೋಬನಿಗೆ ಶಿಕ್ಷೆಯಾಗಿದೆ, ಆದ್ದರಿಂದ ಯೋಬನು ತಪ್ಪು ಮಾಡಿರಲೇಬೇಕು ಎಂಬುದು ಅವರ ತರ್ಕ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಕನ್ನಡದ ಗಾದೆಯನ್ನು ಇನ್ನೊಬ್ಬರ ಕಷ್ಟದ ಎದುರು ಆಡಿದಾಗ ಹೊರಡುವುದೂ ಇದೇ ತೀರ್ಪು. ತನ್ನ ನಡತೆಯನ್ನು ತಿದ್ದಿಕೊಳ್ಳಲು ನೆರವಾಗುವ ಕರ್ಮತತ್ತ್ವವು ಪರರ ನೋವಿಗೆ ಕಾರಣ ಹುಡುಕುವ ಸಾಧನವಾದ ಕೂಡಲೇ ಕಠೋರವಾಗುತ್ತದೆ. ಯೋಬನ ಗ್ರಂಥದ ಓದುಗನಿಗೆ ಮೊದಲ ಅಧ್ಯಾಯದಲ್ಲೇ ಅವನು ನಿರ್ದೋಷಿಯೆಂದು ತಿಳಿದಿರುವುದರಿಂದ ಗೆಳೆಯರ ಮಾತಿನ ಅನ್ಯಾಯ ಸಾಲುಸಾಲಿಗೂ ಚುಚ್ಚುತ್ತದೆ. ಪತ್ತೇದಾರಿ ಧಾರಾವಾಹಿಯಾದರೋ ಆ ತಿಳಿವನ್ನು ಮುಚ್ಚಿಟ್ಟು ಪ್ರೇಕ್ಷಕನನ್ನು ಗೆಳೆಯರ ಪಂಕ್ತಿಯಲ್ಲೇ ಕೂರಿಸುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದರೆ ಕೊಲೆಗಾರರ ಬದಲಾವಣೆಯ ಬಗ್ಗೆ ಎದ್ದ ವಾದ ಕ್ಷುಲ್ಲಕವಲ್ಲ. ಕಾದಂಬರಿಯಲ್ಲಿ ಕೊಂದವಳು ಕರ್ಸ್ಟನ್. ಆದರೆ ಆಕೆಯ ಪ್ರೀತಿಯನ್ನು ಬಳಸಿಕೊಂಡು ಆ ಕೆಲಸಕ್ಕೆ ಹಚ್ಚಿದವನು ಜ್ಯಾಕ್. ಕ್ಯಾಲ್ಗರಿಯ ಸಾಕ್ಷ್ಯ ನಿಜವಾಗಿಯೂ, ಮನೆಯವರು ದುಷ್ಟನೆಂದು ಎಣಿಸಿದ್ದವನು ದುಷ್ಟನಾಗಿಯೇ ಹೊರಬೀಳುತ್ತಾನೆ, ಅವರ ಮೊದಲ ತೀರ್ಪು ಬಳಸುದಾರಿಯಿಂದ ಸರಿಯೆನಿಸಿಕೊಳ್ಳುತ್ತದೆ. ಯೋಬನ ಮಾತಿನಿಂದ ಆರಂಭವಾಗುವ ಕಾದಂಬರಿ ಕೊನೆಯಲ್ಲಿ ಯೋಬನ ಗೆಳೆಯರಿಗೆ ಅರ್ಧ ಗೆಲುವನ್ನು ಕೊಟ್ಟಂತಾಗುತ್ತದೆ; ತನ್ನ ಕೃತಿಗಳಲ್ಲಿ ಅತ್ಯಂತ ತೃಪ್ತಿ ಕೊಟ್ಟವುಗಳಲ್ಲಿ ಇದೂ ಒಂದೆಂದು ಲೇಖಕಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದರೂ ಈ ಬಿರುಕು ಅಲ್ಲಿ ಉಳಿದೇ ಇದೆ. ಧಾರಾವಾಹಿಯಲ್ಲಿ ಕೊಂದವನು ಲಿಯೊ, ವಿದ್ವಾಂಸನೂ ಸಭ್ಯನೂ ಎನಿಸಿಕೊಂಡ ಮನೆಯ ಯಜಮಾನ. ಜ್ಯಾಕ್ ಪೂರ್ತಿ ನಿರಪರಾಧಿ, ಸೆರೆಮನೆಯಲ್ಲಿ ಕೊಲೆಯಾಗಿ ಹೋದವನು. ಎಲ್ಲರೂ ಕೆಟ್ಟವನೆಂದು ಒಪ್ಪಿದವನೇ ತಪ್ಪಿಲ್ಲದವನಾಗಿದ್ದ ಎಂಬ ಈ ಕಥೆ, ಮೂಲವನ್ನು ಮೀರಿಯೂ, ಯೋಬನ ಗ್ರಂಥಕ್ಕೆ ಹೆಚ್ಚು ಹತ್ತಿರವಾಗುತ್ತದೆ. ಬದಲಾವಣೆಯನ್ನು ಮೆಚ್ಚಿದವರ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ. ಹೊಸ ತಿರುವು ಹೆಚ್ಚು ಬೆರಗು ತಂದಿತೆಂಬ ಸಾಮಾನ್ಯ ಸಮರ್ಥನೆ ಇದರ ಮುಂದೆ ತೀರ ಹಗುರ.

ಆದರೆ ಧಾರಾವಾಹಿ ಅಲ್ಲಿಗೆ ನಿಲ್ಲಲಿಲ್ಲ. ಲಿಯೊ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಅಣುಯುದ್ಧದ ಭಯದಲ್ಲಿ ತೋಟದೊಳಗೆ ಕಟ್ಟಿಸಿದ್ದ ನೆಲಮಾಳಿಗೆಯಲ್ಲಿ ಕರ್ಸ್ಟನ್ ಅವನನ್ನು ಬಂಧಿಸಿಡುತ್ತಾಳೆ. ಈ ಶಿಕ್ಷೆ ಹಲವರಿಗೆ ಹಿತವೆನಿಸುವುದು ಸಹಜ, ಏಕೆಂದರೆ ನೋವು ಕೊನೆಗೂ ಅದಕ್ಕೆ ತಕ್ಕವನನ್ನು ಸೇರಿತೆಂಬ ನೆಮ್ಮದಿಯನ್ನು ಅದು ಕೊಡುತ್ತದೆ. ಗೆಳೆಯರು ಬಯಸಿದ್ದೂ ಇಂಥ ಜಗತ್ತನ್ನೇ: ನರಳುವವನೂ ಪಾಪಿಯೂ ಒಬ್ಬನೇ ಆಗಿರುವ ಜಗತ್ತು. ಜ್ಯಾಕ್‌ನ ವಿಷಯದಲ್ಲಿ ಆ ಜಗತ್ತು ಸುಳ್ಳೆಂದು ತೋರಿಸಿದ ಧಾರಾವಾಹಿಯೇ ಲಿಯೊನ ವಿಷಯದಲ್ಲಿ ಅದನ್ನು ಮತ್ತೆ ಕಟ್ಟಿಕೊಡುತ್ತದೆ.

ಯೋಬನ ಗ್ರಂಥದ ಕೊನೆಯಲ್ಲಿ ದೇವರ ಕೋಪ ಯೋಬನ ಮೇಲಲ್ಲ, ದೇವರ ಪರ ವಾದಿಸಿದ ಗೆಳೆಯರ ಮೇಲೆಯೇ ತಿರುಗುತ್ತದೆ. ಅವರು ಏಳು ಹೋರಿಗಳನ್ನೂ ಏಳು ಟಗರುಗಳನ್ನೂ ತೆಗೆದುಕೊಂಡು ಯೋಬನ ಬಳಿಗೇ ಹೋಗಿ ಬಲಿ ಅರ್ಪಿಸಬೇಕು, ತಾವು ದೂಷಿಸಿದವನ ಪ್ರಾರ್ಥನೆಯಿಂದಲೇ ತಾವು ಕ್ಷಮೆ ಪಡೆಯಬೇಕು. ಇಲ್ಲಿ ಕ್ಷಮೆಗೆ ಮೊದಲ ಷರತ್ತು ದೂಷಿತನು ಇನ್ನೂ ಬದುಕಿರುವುದು. ಆರ್ಗೈಲ್ ಮನೆಯವರಿಗೆ ಕೊಲೆಗಾರ ಯಾರೆಂದು ತಿಳಿಯಿತು, ಒಬ್ಬರ ಮೇಲೊಬ್ಬರಿಗಿದ್ದ ಶಂಕೆಯೂ ಹೋಯಿತು. ಆದರೆ ತಾವು ಒಟ್ಟಾಗಿ ಅಪರಾಧಿಯೆಂದು ನಂಬಿದ್ದ ಜ್ಯಾಕ್ ಅಷ್ಟು ಹೊತ್ತಿಗೆ ಸತ್ತಿದ್ದುದರಿಂದ, ಯಾರ ಬಳಿಗೆ ಹೋಗಿ ಕ್ಷಮೆ ಕೇಳಬೇಕೆಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ.