ಇಂದಿನ ಧಮ್ಮ ಚಿಂತನೆ: ಕೊನೆ ಗೊತ್ತಿಲ್ಲದ ಆಯ್ಕೆ




ಇವತ್ತು ಒಂದು ಕಂಪ್ಯೂಟರ್ ಆಟದಿಂದ ಶುರು ಮಾಡುತ್ತೇನೆ, ಹಿರಿಯರು ನಗಬಾರದು. ಅಂಡರ್‌ಟೇಲ್ ಎಂಬ ಆಟವನ್ನು ಅಮೆರಿಕದ ಟೋಬಿ ಫಾಕ್ಸ್ 2015ರಲ್ಲಿ ಹೊರತಂದ. ಮಗುವೊಂದು ನೆಲದಡಿಯ ಲೋಕಕ್ಕೆ ಬೀಳುತ್ತದೆ. ಎದುರಾಗುವ ವಿಚಿತ್ರ ಜೀವಿಗಳನ್ನು ಕೊಲ್ಲಬಹುದು, ಇಲ್ಲವೆ ಮಾತಾಡಿ, ಸಮಾಧಾನ ಮಾಡಿ ಬಿಡಬಹುದು. ಯಾರನ್ನೂ ಕೊಲ್ಲದೆ ನಡೆದರೆ ಕಥೆಗೆ ಒಂದು ಕೊನೆ, ಎಲ್ಲರನ್ನೂ ಕೊಂದರೆ ಇನ್ನೊಂದು, ನಡುವೆ ಮತ್ತೂ ಹಲವು. ಕೊಂದಾಗಲೆಲ್ಲ ಅಂಕ ಸಿಗುತ್ತದೆ. ಆ ಅಂಕ ಹಿಂಸೆಯ ಲೆಕ್ಕ ಎಂಬುದು ಕೊನೆಯ ಹೊತ್ತಿಗೆ ತಿಳಿಯುತ್ತದೆ. ಮಗುವನ್ನು ತಾಯಿಯಂತೆ ನೋಡಿಕೊಳ್ಳುವ ಟೊರಿಯೆಲ್‌ಳನ್ನು ಆರಂಭದಲ್ಲೇ ಕೊಂದು, ಆಮೇಲೆ ನೊಂದು, ಹಿಂದೆ ಸೇವ್ ಮಾಡಿದ ಜಾಗದಿಂದ ಮತ್ತೆ ಆಡಿ ಉಳಿಸಿಕೊಂಡವರಿದ್ದಾರೆ. ಆಗಲೂ ಹೂವಿನ ರೂಪದ ಒಂದು ಪಾತ್ರ ಬಂದು, ನೀನು ಮಾಡಿದ್ದು ನನಗೆ ಗೊತ್ತು ಎಂದು ಹಂಗಿಸುತ್ತದೆ!

ಇದನ್ನೆಲ್ಲ ನನಗೆ ಹೇಳಿದ್ದು ನಮ್ಮ ಬಳಗದ, ಡಿಗ್ರಿ ಓದುವ ಹುಡುಗ. ಹೇಳಿ ಮುಗಿಸಿ ಅವನು ಕೇಳಿದ: "ಸರ್, ಆಟದಾಗ ಒಳ್ಳೇದು ಮಾಡಿದ್ರ ಒಳ್ಳೇ ಕೊನಿ ಬರ್ತದ. ನಮ್ಮ ಮುತ್ಯಾ ದೀಕ್ಷಾ ತೊಗೊಂಡು ಐವತ್ತು ವರ್ಷ ಆಯ್ತು. ಊರ ಹೊಟೆಲಿನಾಗ ನಮ್ಮ ಚಹಾದ ಕಪ್ಪು ಇನ್ನೂ ಬ್ಯಾರೆನೇ ಅದ. ನಮ್ಮ ಒಳ್ಳೇ ಕೊನಿ ಎಲ್ಲಿ ಅದರಿ?"

ಇದಕ್ಕೆ ತಾಳ್ಮೆಯಿಂದಿರು ಎಂದು ಉತ್ತರಿಸುವುದು ಅನ್ಯಾಯ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಮೊದಲ ಭಾಗ ತೆಗೆಯಿರಿ. ಮುದುಕ, ರೋಗಿ, ಶವ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. 29 ವರ್ಷದ ಮನುಷ್ಯ ಅಲ್ಲಿಯವರೆಗೆ ಇವನ್ನು ಕಂಡೇ ಇರಲಿಲ್ಲವೆ ಎಂದು ಕೇಳಿದರು. ಅವರು ಹೇಳುವ ಕಾರಣ ನೀರಿನ ಜಗಳ. ಬೇಸಿಗೆಯಲ್ಲಿ ಉಜನಿಯಿಂದ ಭೀಮೆಗೆ ನೀರು ಬರದಿದ್ದರೆ ಸೊನ್ನ ಬ್ಯಾರೇಜಿನ ಸುತ್ತಿನ ಊರುಗಳಲ್ಲಿ ಮಾತು ಹೇಗೆ ಕಾವೇರುತ್ತದೆಂದು ನಮಗೆ ಹೇಳಿಕೊಡಬೇಕಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟರು. ನಮ್ಮವರಲ್ಲಿ ಇಬ್ಬರು, ಅವರಲ್ಲಿ ಇಬ್ಬರು ಸೇರಿ ಐದನೆಯವನನ್ನು ಆರಿಸಲಿ, ಆ ಐವರು ತೀರ್ಮಾನಿಸಲಿ ಎಂದ ಸಿದ್ಧಾರ್ಥ. ಸಂಘದಲ್ಲಿ ಬಹುಮತ ಯುದ್ಧದ ಕಡೆಗಿತ್ತು. ಮರುದಿನ 20ರಿಂದ 50 ವಯಸ್ಸಿನವರೆಲ್ಲ ಸೈನ್ಯ ಸೇರಬೇಕೆಂಬ ಠರಾವು ಬಂತು. ಅವನ ಕಡೆಗಿದ್ದವರೂ ಬಾಯಿ ಬಿಡಲಿಲ್ಲ. ಅವನೊಬ್ಬ ಎದ್ದು ನಿಂತ.

ಸಂಘ ಮೂರು ದಾರಿ ತೋರಿಸಿತು: ಸೈನ್ಯ ಸೇರು, ಇಲ್ಲವೆ ಗಲ್ಲು ಅಥವಾ ಗಡೀಪಾರು, ಅದೂ ಬೇಡವಾದರೆ ನಿನ್ನ ಮನೆತನಕ್ಕೆ ಸಾಮಾಜಿಕ ಬಹಿಷ್ಕಾರ ಮತ್ತು ಹೊಲ ಜಪ್ತಿ. ಬಹಿಷ್ಕಾರ ಎಂಬ ಮಾತನ್ನು ನಮ್ಮ ಕೇರಿಯವರು ನಿಘಂಟು ನೋಡಿ ತಿಳಿಯಬೇಕಿಲ್ಲ. ಮೂರರಲ್ಲೂ ಒಳ್ಳೆಯ ಕೊನೆ ಇರಲಿಲ್ಲ. ಕೊಲ್ಲಲು ಅವನು ಒಪ್ಪಲಿಲ್ಲ, ತನ್ನ ನಿಲುವಿನ ದಂಡವನ್ನು ತಾಯಿ ತಂದೆಯ ಮೇಲೆ ಹಾಕಲೂ ಒಪ್ಪಲಿಲ್ಲ. ತಾನೇ ಪರಿವ್ರಾಜಕನಾಗಿ ದೇಶ ಬಿಡುವ ದಾರಿ ಹುಡುಕಿದ. ಯಶೋಧರೆ ಅವನನ್ನು ತಡೆಯಲಿಲ್ಲ. ಆಕೆಯ ಆಯ್ಕೆಯ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ, ಒಂದು ದಿನ ಬರೆಯಬೇಕು.

ನನಗೆ ಹೆಚ್ಚು ಕಾಡುವುದು ಮುಂದಿನ ಭಾಗ. ಅವನು ಹೋದ ಮೇಲೆ ಜನರೇ ಯುದ್ಧದ ವಿರುದ್ಧ ಎದ್ದು ನಿಂತರು, ಸಂಧಾನವಾಯಿತು. ರಾಜಗೃಹದಲ್ಲಿ ಐವರು ಪರಿವ್ರಾಜಕರು ಬಂದು ಸುದ್ದಿ ಹೇಳಿದರು: ಶಾಂತಿಯಾಗಿದೆ, ಇನ್ನು ಮನೆಗೆ ಹೋಗಬಹುದು. ಆಟವಾಗಿದ್ದರೆ ಇಲ್ಲಿಗೆ ಒಳ್ಳೆಯ ಕೊನೆ ಬಂದು ಪರದೆ ಬೀಳುತ್ತಿತ್ತು. ಸಿದ್ಧಾರ್ಥ ಮನೆಗೆ ಹೋಗಲಿಲ್ಲ. ಒಂದು ನದಿಯ ಜಗಳ ತೀರಿತು, ಆದರೆ ವರ್ಗ ವರ್ಗಗಳ ನಡುವಿನ ಸಂಘರ್ಷ ಉಳಿದೇ ಇದೆ, ದುಃಖದ ಬೇರು ಅಲ್ಲಿದೆ ಎಂದು ಅವನಿಗೆ ಕಂಡಿತ್ತು.

ಆಟದ ಎಲ್ಲ ಕೊನೆಗಳನ್ನೂ ಅದನ್ನು ಮಾಡಿದವನು ಮೊದಲೇ ಬರೆದಿಟ್ಟಿರುತ್ತಾನೆ. ಅದು ಆಟಕ್ಕೆ ಸರಿ. ಆದರೆ ನಮ್ಮ ಹಿರಿಯರಿಗೂ ಇದನ್ನೇ ಹೇಳಿದ್ದರಲ್ಲ: ಈ ಜನ್ಮ ಹಿಂದಿನ ಜನ್ಮದ ಫಲ, ಹೋದ ಆಟದಲ್ಲಿ ಸೋತದ್ದಕ್ಕೆ ಈ ಆಟದಲ್ಲಿ ಊರ ಹೊರಗೆ ಇರು ಎಂದು. ಬಾಬಾಸಾಹೇಬರು ತಿರಸ್ಕರಿಸಿದ್ದು ಈ ಕರ್ಮವನ್ನು. ಆ ಹುಡುಗನ ಮುತ್ಯಾ ದೀಕ್ಷೆ ತೆಗೆದುಕೊಂಡದ್ದು ಹೊಟೆಲಿನವನ ಮನಸ್ಸು ಬದಲಿಸುತ್ತೇನೆಂದಲ್ಲ, ತನ್ನ ಹಣೆಬರಹ ಬರೆಯುವ ಅಧಿಕಾರ ಅವನಿಗಿಲ್ಲ ಎಂದು ಹೇಳಲಿಕ್ಕೆ. ಬೇರೆ ಕಪ್ಪಿನ ವಿಷಯ ಹೇಳುವುದಾದರೆ, ಅದು ಐವರು ಕೂತು ತೀರಿಸುವ ಜಗಳವಲ್ಲ. ಸಂವಿಧಾನದ 17ನೇ ವಿಧಿಯ ಪ್ರಕಾರ ಅಪರಾಧ, 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಡಿ ಶಿಕ್ಷೆಯಿದೆ. ದೂರು ಬರೆಯಲು ಕೈ ಬೇಕಾದರೆ ನಮ್ಮಲ್ಲಿ ಬರೆಯುವವರಿದ್ದಾರೆ.

ಬಾಬಾಸಾಹೇಬರು ಯೇವಲೆಯಲ್ಲಿ ಹಿಂದುವಾಗಿ ಸಾಯುವುದಿಲ್ಲ ಎಂದು ಸಾರಿದ್ದು 1935ರ ಅಕ್ಟೋಬರ್ 13. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14. ನಡುವೆ 21 ವರ್ಷ ಓದಿದರು, ತೂಗಿ ನೋಡಿದರು. ದೀಕ್ಷೆಯ ನಂತರ ಅವರಿಗೆ ಸಿಕ್ಕದ್ದು 53 ದಿನ. ಡಿಸೆಂಬರ್ 7ರಂದು ಮುಂಬಯಿಯ ದಾದರ್ ಚೌಪಾಟಿಯಲ್ಲಿ ಅವರ ಅಂತ್ಯಕ್ರಿಯೆಗೆ ಬಂದ ಸಾವಿರಾರು ಜನ ಅಲ್ಲೇ, ಆ ಚಿತೆಯ ಎದುರೇ ದೀಕ್ಷೆ ತೆಗೆದುಕೊಂಡರು.

ಜೈ ಭೀಮ್. ನಮೋ ಬುದ್ಧಾಯ.