ರೇಖೆಯ ಸತ್ಯ

ಏರಿಕೆಯೆಂದರೇನೆಂಬುದನ್ನು ಹರಿಹರದ ಜನರಿಗೆ ತುಂಗಭದ್ರೆಯೇ ಕಲಿಸಿರುವಳು. ಮಳೆಗಾಲದಲ್ಲಿ ಸೇತುವೆಯ ಕಂಬವನ್ನು ನೋಡುವವನಿಗೆ ಕೆಳಗಿನ ಅಡಿಯೂ ಮೇಲಿನ ಅಡಿಯೂ ಒಂದೇ ಅಳತೆ. ಅಕ್ಷರ ಬಾರದವನೂ ಅಪಾಯವನ್ನರಿತು ದನಕರುಗಳನ್ನು ದಿಬ್ಬಕ್ಕೆ ಹೊಡೆಯುವನು.

2020ನೆಯ ಇಸವಿಯಲ್ಲಿ ಕೊರೋನಾ ರೋಗದ ನಕ್ಷೆಗಳನ್ನು ಇದೇ ಕಣ್ಣಿನಿಂದ ನೋಡಿದವರು ಮೋಸಹೋಗುವುದು ಸಹಜವಾಗಿತ್ತು. ಅವುಗಳಲ್ಲಿ ಕೆಲವು ಲಘುಗಣಕಮಾನದವು. ಅಲ್ಲಿ 10ರಿಂದ 100ಕ್ಕೆ ಎಷ್ಟು ದೂರವೋ 100ರಿಂದ 1000ಕ್ಕೂ ಅಷ್ಟೇ. ಮೊದಲ ಗೇಣಿನಲ್ಲಿ 90 ರೋಗಿಗಳು, ಎರಡನೆಯದರಲ್ಲಿ 900. ರೇಖೆಯು ಬಾಗಿತೆಂದು ದಾವಣಗೆರೆಯ ಗೃಹಸ್ಥನೊಬ್ಬನು ನಿಶ್ಚಿಂತನಾಗಿ ಮಂಡಿಪೇಟೆಗೆ ಹೊರಟ ವಾರದಲ್ಲಿಯೇ ಹೊಸ ರೋಗಿಗಳು ಹಿಂದಿನ ವಾರಕ್ಕಿಂತ ಹೆಚ್ಚಿದ್ದಿರಬಹುದು. ಅದೇ ವರ್ಷ ಅಮೆರಿಕದಲ್ಲಿ ವಿದ್ವಾಂಸರು ಪರೀಕ್ಷಿಸಲಾಗಿ, ಸರಳಮಾನದ ನಕ್ಷೆಯ ಮೇಲಿನ ಸುಲಭ ಪ್ರಶ್ನೆಗೆ ನೂರಕ್ಕೆ 84 ಮಂದಿ ಸರಿಯುತ್ತರವಿತ್ತರು. ಲಘುಗಣಕಮಾನದ್ದಕ್ಕೆ 41 ಮಂದಿ ಮಾತ್ರ.

ದೋಷವು ಯಾರದು? ಹಗ್ಗವನ್ನು ಹಾವೆಂದು ಕಂಡವನ ಭ್ರಾಂತಿಗೆ ಹಗ್ಗವು ಹೊಣೆಯಲ್ಲ. ಇಲ್ಲಿಯಾದರೋ ಹಾವೇ ಹಗ್ಗವಾಗಿ ಕಂಡಿತು. ಮೇಲಾಗಿ ಹಗ್ಗವು ತಾನಾಗಿ ಬಿದ್ದಿರುವುದು, ನಕ್ಷೆಯನ್ನು ಒಬ್ಬನು ಬರೆದಿರುವನು. ರೋಗವು ಹಬ್ಬುವ ವೇಗವನ್ನು ತಿಳಿಯಲು ಆ ಮಾನವು ಬಲ್ಲವರಿಗೆ ಉಪಯುಕ್ತವೇ ಸರಿ. ಬರೆದವನು ಸುಳ್ಳನ್ನೂ ಹೇಳಲಿಲ್ಲ. ಆದರೆ ಬೆಂಕಿ ಬಿದ್ದಿತೆಂದು ನೆರೆಯವನಿಗೆ ಬಾರದ ಭಾಷೆಯಲ್ಲಿ ಕೂಗಿದವನು ಸತ್ಯವನ್ನು ತಿಳಿಸಿದನೆನ್ನಬಹುದೇ?

ಗೃಹಸ್ಥನೂ ನಿರ್ದೋಷಿಯಲ್ಲ. ಅಂಚಿನ ಅಂಕಿಗಳನ್ನು ಓದಬಲ್ಲವನಾಗಿದ್ದೂ ಓದಲಿಲ್ಲ. ಓದು ಬಾರದ ಅವನ ವೃದ್ಧಮಾತೆಯಾದರೋ, ಮಗನು ಭಯವಿಲ್ಲವೆಂದುದನ್ನು ನಂಬಿ ಬಾಗಿಲನ್ನು ತೆರೆದಿಟ್ಟಿದ್ದಳು.