‘ಸೂಕ್ಷ್ಮ’ವೆಂಬ ಶಬ್ದ

‘ಸೂಕ್ಷ್ಮ’ವೆಂಬ ಶಬ್ದವು ಲೋಕದ ಮಾತಿನಲ್ಲಿ ಎರಡು ಅರ್ಥಗಳಲ್ಲಿ ನಡೆದಿದೆ. ಇಂದ್ರಿಯಗಳಿಗೆ ಸುಲಭವಾಗಿ ಸಿಲುಕದುದು ಎಂಬುದೊಂದು. ವಿಚಾರಿಸದೆ ಬಿಡತಕ್ಕುದು ಎಂಬುದು ಇನ್ನೊಂದು. “ಅದು ಸೂಕ್ಷ್ಮವಾದ ಸಂಗತಿ” ಎಂದೊಡನೆ ಕೂಡಿದವರೆಲ್ಲರೂ ಸುಮ್ಮನಾಗುವರು. ಈ ಎರಡನೆಯ ಅರ್ಥಕ್ಕೆ ಶಾಸ್ತ್ರದ ಆಧಾರವುಂಟೇ ಎಂಬುದನ್ನು ವಿಚಾರಿಸತಕ್ಕುದು.

ವೈಯಾಕರಣರು ಈ ಪದವನ್ನು ‘ಸೂಚ್’ ಧಾತುವಿನಿಂದ ಸಾಧಿಸುವರು. ಆ ಧಾತುವಿಗೆ ಕುರುಹು ತೋರುವುದೆಂದರ್ಥ. ಆದುದರಿಂದ ತಾನು ಕಾಣದೆ, ಕುರುಹಿನಿಂದ ತಿಳಿದುಬರುವುದು ಸೂಕ್ಷ್ಮವೆಂದು ಭಾವಿಸಬಹುದು. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ, ಇರುವ ವಸ್ತುವು ಕಾಣದಿರಲು 8 ಕಾರಣಗಳನ್ನು ಹೇಳಿದೆ: ಅತಿದೂರ, ಅತಿಸಾಮೀಪ್ಯ, ಇಂದ್ರಿಯದ ಊನ, ಮನಸ್ಸಿನ ಅನವಧಾನ, ಸೂಕ್ಷ್ಮತೆ, ಮರೆ, ಬಲವಾದುದರ ಮುಂದೆ ಮಂಕಾಗುವುದು, ಸಮಾನವಸ್ತುಗಳೊಡನೆ ಬೆರೆಯುವುದು. ಸೂಕ್ಷ್ಮವಾದುದು ಕಾಣದೆಂದು ಇಲ್ಲವೆನ್ನಲಾಗದು, ಕಾರ್ಯದಿಂದ ಅದನ್ನು ಅರಿಯಬೇಕೆಂದು ಮುಂದಿನ ಕಾರಿಕೆಯ ತಾತ್ಪರ್ಯ. ಇಲ್ಲಿ ಅನವಧಾನವನ್ನೂ ಸೂಕ್ಷ್ಮತೆಯನ್ನೂ ಬೇರೆಬೇರೆಯಾಗಿ ಎಣಿಸಿರುವುದು ಗಮನಾರ್ಹವಾಗಿದೆ. ಸೂಕ್ಷ್ಮತೆಯು ವಸ್ತುವಿನ ಗುಣ; ಅನವಧಾನವು ನೋಡುವವನ ದೋಷ.

ಇದಕ್ಕೆ ಕಾರಟಗಿಯ ಸೀಮೆಯ ಗದ್ದೆಗಳೇ ದೃಷ್ಟಾಂತ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿದ ಮೇಲೆ ಎಡದಂಡೆಯ ಎರೆಭೂಮಿ ಭತ್ತದ ನಾಡಾಯಿತು. ಮೇಲಿನ ಹೊಲದವನು ಅಳತೆ ಮೀರಿ ನೀರು ನಿಲ್ಲಿಸಿದರೆ ಅದು ಬಸಿದು ತಗ್ಗಿನ ಹೊಲದ ಅಂತರ್ಜಲವನ್ನು ಏರಿಸುವುದು. ಮಣ್ಣಿನೊಳಗಿನ ಉಪ್ಪು ನೀರಿನೊಡನೆ ಮೇಲೆ ಬಂದು, ನೀರು ಆರಿದ ಬಳಿಕ ಅಲ್ಲಿಯೇ ಉಳಿಯುವುದು. ರೈತರು ಇದನ್ನು ಸವಳು ಎನ್ನುವರು. ಮೊದಲು ಗರಿಗಳ ತುದಿ ಒಣಗುವುದು. ಬಳಿಕ ಪೈರು ಅಲ್ಲಲ್ಲಿ ತೆಳುವಾಗುವುದು. ನೆಲದ ಮೇಲೆ ಬಿಳಿಯ ಪದರವು ಎಲ್ಲರಿಗೂ ಕಾಣುವಷ್ಟರಲ್ಲಿ ತಗ್ಗಿನವನ ಬೆಳೆ ಹೋಗಿರುವುದು. ಉಪ್ಪು ಏರುವ ಬಗೆ ಸೂಕ್ಷ್ಮವೆಂಬುದು ನಿಜ. ಆದರೆ ನೀರು ಬಿಟ್ಟ ಕೈಯೂ, ನೆರೆಯವನ ಒಣಗಿದ ಗರಿಯೂ ಸೂಕ್ಷ್ಮವಲ್ಲ.

ಕುರುಸಭೆಯಲ್ಲಿ ದ್ರೌಪದಿಯು, ತನ್ನನ್ನೇ ಸೋತವನಿಗೆ ಪತ್ನಿಯನ್ನು ಪಣವಿಡುವ ಅಧಿಕಾರವುಂಟೇ ಎಂದು ಕೇಳಿದಾಗ, ಧರ್ಮವು ಸೂಕ್ಷ್ಮವಾದುದರಿಂದ ನಿರ್ಣಯಿಸಲಾರೆನೆಂದು ಭೀಷ್ಮರು ಹೇಳಿದರು. ಪ್ರಶ್ನೆ ಕಠಿನವಾಗಿತ್ತೆಂಬುದನ್ನು ಒಪ್ಪಬೇಕು. ಆದರೆ ಅಬಲೆಯೊಬ್ಬಳನ್ನು ಸಭೆಗೆ ಎಳೆತಂದ ಅನ್ಯಾಯವು ಎಲ್ಲರ ಕಣ್ಣೆದುರಿಗೇ ಇದ್ದಿತು. ಹಿರಿಯರು ಮೌನವಾಗಿರಲು, ಕೌರವರಲ್ಲಿ ಕಿರಿಯನಾದ ವಿಕರ್ಣನೇ ಅವಳ ಪರವಾಗಿ ಎದ್ದು ಮಾತನಾಡಿದನು.

ಆದುದರಿಂದ ‘ಇದು ಸೂಕ್ಷ್ಮ’ವೆಂದು ಹೇಳುವವನು ಹೆಚ್ಚು ಹತ್ತಿರದಿಂದ ನೋಡುವ ಹೊಣೆಯನ್ನು ಹೊತ್ತನೆಂದೇ ತಿಳಿಯಬೇಕು. ಆ ಹೊಣೆಯನ್ನೊಲ್ಲದವನು ತನ್ನ ಅನವಧಾನಕ್ಕೆ ಈ ಹೆಸರಿಡದಿರುವುದು ಲೇಸು.